ಪರದೆ ಮೇಲೆ ನೂರಕ್ಕೆ ನೂರು, ಕ್ಯಾಮೆರಾ ಮಾತ್ರ ಗಪ್‌ಚುಪ್: ಒಂದು ಹ್ಯಾಮ್ ಮೆಶ್ ಪ್ರಕರಣ

ಏಪ್ರಿಲ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಅಮೆರಿಕದ ಟೆಕ್ಸಸ್‌ನಲ್ಲಿ ಆಸ್ಟಿನ್ ನಗರದ ಪಶ್ಚಿಮಕ್ಕೆ ಗುಡ್ಡಗಾಡು ಶುರುವಾಗುತ್ತದಲ್ಲ, ಆ ಕಡೆ ಒಂದು ಸೈಕಲ್ ಸವಾರಿ ಇತ್ತು. ದೇಣಿಗೆ ಎತ್ತುವುದಕ್ಕೆ ನಡೆಸುವಂಥದ್ದು. ದಾರಿಯುದ್ದಕ್ಕೂ ನೀರು, ಬಾಳೆಹಣ್ಣು ಕೊಡುವ ತಾಣಗಳು. ಅದರಲ್ಲಿ ಒಂದು ತಾಣ ಗುಡ್ಡದ ಆಚೆ, ಹೊಳೆ ಪಕ್ಕ, ಮೊಬೈಲ್ ಸಿಗ್ನಲ್ ಒಂದು ಕಡ್ಡಿಯೂ ಬಾರದ ಜಾಗದಲ್ಲಿತ್ತು. ಮೆಶ್, ಅಂದರೆ ಒಂದರ ಮಾತನ್ನು ಇನ್ನೊಂದು ದಾಟಿಸುವ ರೇಡಿಯೊಗಳ ಜಾಲ ಕಟ್ಟಿ, ಅಲ್ಲಿಗೆ ಫೋನು, ಕ್ಯಾಮೆರಾ, ಚಾಟ್ ಎಲ್ಲ ನಾವು ಕೊಡುತ್ತೇವೆ ಅಂತ ನಮ್ಮ ಹ್ಯಾಮ್ ಕ್ಲಬ್, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊದವರ ಕೂಟ, ಒಪ್ಪಿಕೊಂಡಿತ್ತು. ಮೀಟಿಂಗಿನಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತಿದವನು ನಾನೇ.

ಎಂಟೂಕಾಲಿಗೆ ಫೋನಿನಲ್ಲಿ ಮಾತು ತುಂಡು ತುಂಡಾಗಿ ಬರುತ್ತಿತ್ತು. ಎಂಟೂವರೆಗೆ ಕ್ಯಾಮೆರಾ ನಿಂತೇ ಹೋಯಿತು. ಆದರೆ ನೋಡ್‌ಗಳ, ಅಂದರೆ ಜಾಲದ ಒಂದೊಂದು ರೇಡಿಯೊದ, ಸ್ಥಿತಿ ತೋರಿಸುವ ಪುಟದಲ್ಲಿ ಅವುಗಳ ನಡುವಿನ ಎರಡೂ ಕೊಂಡಿಗಳು ನೂರಕ್ಕೆ ನೂರು. ಈ ಬರಹ ಆ ದಿನ ಏನಾಯಿತು, ಯಾಕಾಯಿತು ಅನ್ನುವುದರ ಬಗ್ಗೆ. ಮೆಶ್ ಹೇಗೆ ಕೆಲಸ ಮಾಡುತ್ತದೆ ಅಂತ ನನಗೆ ನಿಜವಾಗಿ ಅರ್ಥವಾಗಿದ್ದು ಅದು ಕೆಲಸ ಮಾಡದೇ ಹೋದ ದಿನವೇ.

ಮೊದಲು ಸ್ವಲ್ಪ ಹಿನ್ನೆಲೆ. ಬೆಂಗಳೂರಿನಲ್ಲಿದ್ದಾಗ ನನ್ನ ಹತ್ತಿರ ಭಾರತದ ಹ್ಯಾಮ್ ಲೈಸೆನ್ಸ್, ವಿಯು3 ಅಂತ ಶುರುವಾಗುವ ಕರೆಸಂಕೇತ ಇತ್ತು. ಅಮೆರಿಕಕ್ಕೆ ಹೋದ ಮೇಲೆ ಅಲ್ಲಿನ ಟೆಕ್ನಿಷಿಯನ್ ಅನ್ನುವ ಮೊದಲ ಹಂತದ ಹ್ಯಾಮ್ ಪರೀಕ್ಷೆ ಬರೆದೆ. 35 ಪ್ರಶ್ನೆ, 26 ಸರಿ ಬಂದರೆ ಪಾಸು. ಅಷ್ಟಕ್ಕೇ 50 ಮೆಗಾಹರ್ಟ್ಸ್‌ಗಿಂತ ಮೇಲಿನ ಹ್ಯಾಮ್ ಬ್ಯಾಂಡುಗಳೆಲ್ಲ ಸಿಗುತ್ತವೆ. ಮೆಶ್ ನಡೆಯುವುದೂ ಅಲ್ಲೇ.

ಈ ಮೆಶ್ ಹುಚ್ಚಿಗೆ ಆಸ್ಟಿನ್ ತವರುಮನೆ ಇದ್ದ ಹಾಗೆ. 2002ರ ಕೊನೆಯಲ್ಲಿ ಲಿಂಕ್‌ಸಿಸ್ ಕಂಪನಿ ಡಬ್ಲ್ಯುಆರ್‌ಟಿ54ಜಿ ಅಂತ ಒಂದು ವೈಫೈ ರೂಟರ್ ಬಿಟ್ಟಿತು. ನೀಲಿ ಕಪ್ಪು ಡಬ್ಬಿ, ಹಿಂದೆ ಎರಡು ಕೊಂಬು, ನೋಡಿದವರಿಗೆ ನೆನಪಿರುತ್ತದೆ. ಅದರೊಳಗೆ ಇರುವುದು ಲಿನಕ್ಸ್ ಅನ್ನುವ ಮುಕ್ತ ಆಪರೇಟಿಂಗ್ ಸಿಸ್ಟಂ ಅಂತ ಜನ ಕಂಡುಹಿಡಿದರು. ಲಿನಕ್ಸ್ ಲೈಸೆನ್ಸ್ ಪ್ರಕಾರ ಕಂಪನಿ 2003ರಲ್ಲಿ ಸೋರ್ಸ್ ಕೋಡ್ ಹೊರಗೆ ಹಾಕಬೇಕಾಯಿತು. ಅಲ್ಲಿಂದ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು, ಮನೆ ರೂಟರಿಗೆ ಬೇಕಾದ ಸಾಫ್ಟ್‌ವೇರ್ ನಾವೇ ತುಂಬಬಹುದು ಅಂತಾಯಿತು. ಆಸ್ಟಿನ್ ಸುತ್ತಲಿನ ಹ್ಯಾಮ್‌ಗಳು ಇದರ ಮೇಲೆ ಎಚ್‌ಎಸ್‌ಎಂಎಂ ಮೆಶ್ ಕಟ್ಟಿದರು. ಆಮೇಲೆ ಅದಕ್ಕೆ ಬ್ರಾಡ್‌ಬ್ಯಾಂಡ್ ಹ್ಯಾಮ್‌ನೆಟ್ ಅಂತ ಹೆಸರಾಯಿತು. ಆ ಬಳಗದಿಂದ ಹೊರಬಂದ ಕೆಲವರು ಕಟ್ಟಿದ್ದು ಈಗ ಹ್ಯಾಮ್‌ಗಳು ಹೆಚ್ಚಾಗಿ ಬಳಸುವ ಎಆರ್‌ಇಡಿಎನ್ ಅನ್ನುವ ಮೆಶ್ ಸಾಫ್ಟ್‌ವೇರ್. ಹಳೇ ಸಾಮಾನಿನ ಸಂತೆಯಲ್ಲಿ ಈ ರೂಟರ್ ಹುಡುಕುವುದೇ ಒಂದು ಆಟವಾಗಿತ್ತಂತೆ. ತಳದ ಚೀಟಿಯಲ್ಲಿ ಐದನೇ ಆವೃತ್ತಿ ಅಂತ ಇದ್ದರೆ ವಾಪಸ್ ಇಡಬೇಕು. ಅದರಲ್ಲಿ ಫ್ಲ್ಯಾಶ್ ಮೆಮರಿ 4 ಮೆಗಾಬೈಟಿನಿಂದ 2ಕ್ಕೆ ಇಳಿಸಿದ್ದರು, ಲಿನಕ್ಸ್ ಕೂಡ ತೆಗೆದುಬಿಟ್ಟಿದ್ದರು.

ನಾವು ಬಳಸಿದ್ದು ಯುಬಿಕ್ವಿಟಿ ಕಂಪನಿಯ ಹೊರಾಂಗಣ ರೇಡಿಯೊ, ಅದರೊಳಗೆ ತುಂಬಿದ್ದು ಎಆರ್‌ಇಡಿಎನ್ ಫರ್ಮ್‌ವೇರ್, ಅಂದರೆ ರೇಡಿಯೊ ನಡೆಸುವ ಸಾಫ್ಟ್‌ವೇರ್. ಒಟ್ಟು ಮೂರು. ಸುಲಭಕ್ಕೆ ಮೈದಾನ, ಗುಡ್ಡ, ಹೊಳೆ ಅಂತ ಕರೆಯುತ್ತೇನೆ. ನಿಜದಲ್ಲಿ ನೋಡ್ ಹೆಸರಿನಲ್ಲಿ ಕರೆಸಂಕೇತ ಇರುತ್ತದೆ, ಯಾಕೆಂದರೆ ಹತ್ತು ನಿಮಿಷಕ್ಕೊಮ್ಮೆಯಾದರೂ ಯಾರು ಪ್ರಸಾರ ಮಾಡುತ್ತಿದ್ದೇವೆ ಅಂತ ಗುರುತು ಹೇಳಬೇಕು ಅನ್ನುವುದು ಕಾನೂನು. ಮೈದಾನ ಅಂದರೆ ಸವಾರಿ ಶುರುವಾಗುವ ಶಾಲೆಯ ಮೈದಾನ, ನಿಯಂತ್ರಣದ ಡೇರೆ ಅಲ್ಲಿ. ಗುಡ್ಡದ ಮೇಲೆ ಒಂದು ಕಂಬ. ಹೊಳೆ ಪಕ್ಕದ ತಾಣ ಗುಡ್ಡದಿಂದ ಸುಮಾರು 8 ಕಿಲೋಮೀಟರ್. ಮೈದಾನಕ್ಕೂ ಹೊಳೆಗೂ ನಡುವೆ ಗುಡ್ಡ ಇರುವುದರಿಂದ ಅವೆರಡಕ್ಕೆ ನೇರ ಸಂಪರ್ಕ ಆಗುವ ಮಾತೇ ಇಲ್ಲ. ಮೂರೂ 2.4 ಗಿಗಾಹರ್ಟ್ಸ್, ಮೂರೂ ಒಂದೇ ಚಾನೆಲ್.

ಒಂದೇ ಚಾನೆಲ್ ಅನ್ನುವುದನ್ನು ಗಮನದಲ್ಲಿಡಿ.

ಇನ್ನು ಮೆಶ್ ಅಂದರೆ ಏನು? ಮನೆ ವೈಫೈನಲ್ಲಿ ಒಬ್ಬ ಯಜಮಾನ ಇರುತ್ತಾನೆ, ರೂಟರ್. ಫೋನು, ಲ್ಯಾಪ್‌ಟಾಪ್ ಎಲ್ಲ ಅವನ ಮೂಲಕವೇ ಮಾತಾಡಬೇಕು. ಮೆಶ್‌ನಲ್ಲಿ ಯಜಮಾನ ಇಲ್ಲ. ಪ್ರತಿ ನೋಡ್ ತನಗೆ ಕೇಳಿಸುವ ನೋಡ್ ಜೊತೆ ನೇರ ಮಾತಾಡುತ್ತದೆ, ಬೇರೆಯವರ ಪತ್ರವನ್ನು ಮುಂದಕ್ಕೂ ದಾಟಿಸುತ್ತದೆ. ಐಪಿ ವಿಳಾಸ ಹಂಚುವುದಕ್ಕೂ ಯಾರೂ ಬೇಕಿಲ್ಲ. ರೇಡಿಯೊಗೆ ಕಾರ್ಖಾನೆಯಲ್ಲೇ ಕೊಟ್ಟ ಗುರುತಿನ, ಅಂದರೆ ಮ್ಯಾಕ್ ಸಂಖ್ಯೆಯ ಕೊನೆಯ ಮೂರು ಭಾಗ ತೆಗೆದುಕೊಂಡು ಮುಂದೆ 10 ಅಂತ ಸೇರಿಸಿದರೆ ವಿಳಾಸ ರೆಡಿ. ಕರೆಂಟು ಕೊಟ್ಟು ಕಂಬಕ್ಕೆ ಕಟ್ಟಿದರೆ ತಾನಾಗಿ ಸೇರಿಕೊಳ್ಳುತ್ತದೆ. ಇದು ನಿಜ, ಅದನ್ನು ಮೊದಲ ಸಲ ನೋಡುವಾಗ ಖುಷಿಯೂ ಆಗುತ್ತದೆ. ಹಾಸನದ ನನ್ನ ಗೆಳೆಯ ಪ್ರತಿ ಸಲ "ಲೋ, ನೋಡ್ ಬಂತು ನೋಡು" ಅಂತ ಅದೇ ಹಳೇ ಜೋಕ್ ಹೊಡೆಯುತ್ತಾನೆ, ನಾನೂ ನಗುತ್ತೇನೆ.

ದಾರಿ ಹುಡುಕುವ ಕೆಲಸ ಆಗ ಓಎಲ್‌ಎಸ್‌ಆರ್ ಅನ್ನುವ ಪ್ರೋಟೋಕಾಲ್‌ನದ್ದು, ಅಂದರೆ ನೋಡ್‌ಗಳು ಪಾಲಿಸುವ ಒಂದು ನಿಯಮಾವಳಿಯದ್ದು. ಈಚೆಗೆ ಎಆರ್‌ಇಡಿಎನ್ ಬಾಬೆಲ್ ಅನ್ನುವ ಬೇರೆ ಪ್ರೋಟೋಕಾಲ್ ಕಡೆ ಹೊರಳಿದೆ, ನಮ್ಮ ಕಥೆ ಅದಕ್ಕಿಂತ ಮುಂಚಿನದು. ಓಎಲ್‌ಎಸ್‌ಆರ್‌ನಲ್ಲಿ ಪ್ರತಿ ನೋಡ್ ಕೆಲವು ಸೆಕೆಂಡಿಗೊಮ್ಮೆ "ನಾನಿದ್ದೇನೆ, ನನಗೆ ಇಂಥಿಂಥವರು ಕೇಳಿಸುತ್ತಿದ್ದಾರೆ" ಅಂತ ಕೂಗುತ್ತದೆ. ಇದು ಹಲೋ ಪ್ಯಾಕೆಟ್. ಪ್ಯಾಕೆಟ್ ಅಂದರೆ ಒಂದು ಸಲಕ್ಕೆ ಕಳಿಸುವ ಡೇಟಾದ ತುಣುಕು. ನಿಮ್ಮ ನೂರು ಹಲೋದಲ್ಲಿ ನನಗೆ ಎಷ್ಟು ಕೇಳಿಸಿತು, ನನ್ನ ನೂರರಲ್ಲಿ ನಿಮಗೆ ಎಷ್ಟು ಕೇಳಿಸಿತು, ಈ ಎರಡು ಪಾಲನ್ನು (ನೂರರಲ್ಲಿ ಎಪ್ಪತ್ತಾದರೆ 0.7) ಗುಣಿಸಿ ಒಂದನ್ನು ಅದರಿಂದ ಭಾಗಿಸಿದರೆ ಇಟಿಎಕ್ಸ್ ಅನ್ನುವ ಸಂಖ್ಯೆ ಬರುತ್ತದೆ. ಒಂದು ಪ್ಯಾಕೆಟ್ ತಲುಪಿಸುವುದಕ್ಕೆ ಸರಾಸರಿ ಎಷ್ಟು ಸಲ ಕಳಿಸಬೇಕಾದೀತು ಅಂತ ಅದರ ಅರ್ಥ. ಎರಡೂ ಕಡೆ ನೂರಕ್ಕೆ ನೂರಾದರೆ 1. ಎರಡೂ ಕಡೆ ಅರ್ಧರ್ಧ ಕೇಳಿಸಿದರೆ 4. ದಾರಿಯಲ್ಲಿರುವ ಕೊಂಡಿಗಳ ಇಟಿಎಕ್ಸ್ ಎಲ್ಲ ಕೂಡಿಸಿ, ಯಾವ ದಾರಿಯ ಮೊತ್ತ ಕಡಿಮೆಯೋ ಆ ದಾರಿ. ಅಂದರೆ ಒಂದು ಕೆಟ್ಟ ನೇರ ಕೊಂಡಿಗಿಂತ ಎರಡು ಒಳ್ಳೆ ಕೊಂಡಿಯ ಬಳಸುದಾರಿಯೇ ಗೆಲ್ಲಬಹುದು. ಜಾಣ ಲೆಕ್ಕ. ನಮಗೆ ಕೈಕೊಟ್ಟಿದ್ದೂ ಇದೇ ಲೆಕ್ಕ, ಅಥವಾ ಅದನ್ನು ನಾವು ಓದಿದ ರೀತಿ.

ಸರಿ, ಎಂಟೂವರೆಗೆ ವಾಪಸ್ ಬರೋಣ.

ಮೊದಲ ಅನುಮಾನ ಬ್ಯಾಟರಿ ಮೇಲೆ. ರೇಡಿಯೊಗೆ ಕರೆಂಟು ಹೋಗುವುದೂ ಎತರ್ನೆಟ್ ಕೇಬಲ್‌ನಲ್ಲೇ, ಉದ್ದ ಕೇಬಲ್‌ನಲ್ಲಿ ವೋಲ್ಟೇಜ್ ಬಿದ್ದಿರಬಹುದು ಅಂತ ಮೀಟರ್ ಹಿಡಿದು ಅಳೆದೆವು. ಸರಿಯಿತ್ತು. ಆಮೇಲೆ ದೂರದ ಸೆಟ್ಟಿಂಗ್. ಇದು ಹೊಸಬರು ಜಾಸ್ತಿ ಎಡವುವ ಕಡೆ. ವೈಫೈ ಹುಟ್ಟಿದ್ದು ಮನೆಯೊಳಗಿನ ಬಳಕೆಗೆ. ಪ್ಯಾಕೆಟ್ ಕಳಿಸಿ, ತಲುಪಿತು ಅನ್ನುವ ಉತ್ತರಕ್ಕೆ ಕೆಲವೇ ಮೈಕ್ರೋಸೆಕೆಂಡ್ ಕಾಯುತ್ತದೆ. ರೇಡಿಯೊ ಅಲೆ ಒಂದು ಮೈಕ್ರೋಸೆಕೆಂಡಿಗೆ 300 ಮೀಟರ್ ಹೋಗುತ್ತದೆ, 8 ಕಿಲೋಮೀಟರ್ ಹೋಗಿ ಬರಲು ಸುಮಾರು 53 ಮೈಕ್ರೋಸೆಕೆಂಡ್ ಬೇಕು. ಅಷ್ಟು ಕಾಯಲು ರೇಡಿಯೊಗೆ ಹೇಳದಿದ್ದರೆ, ಉತ್ತರ ದಾರಿಯಲ್ಲಿರುವಾಗಲೇ ಅದು ಅದೇ ಪ್ಯಾಕೆಟ್ಟನ್ನು ಮತ್ತೆ ಕಳಿಸುತ್ತದೆ. ನಾವು ಹೇಳಿದ್ದೆವು. ಅದೂ ಸರಿಯಿತ್ತು.

ಇಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಆಗ ನಮ್ಮಲ್ಲೊಬ್ಬರಿಗೆ ಒಂದು ಐಡಿಯಾ ಬಂತು. ಮೆಶ್ ಅಲ್ವಾ, ನೋಡ್ ಜಾಸ್ತಿ ಆದಷ್ಟೂ ಒಳ್ಳೆಯದು, ನನ್ನ ಕಾರಿನ ಮೇಲೆ ಇನ್ನೊಂದು ಇದೆ, ನಡುದಾರಿಯಲ್ಲಿ ನಿಲ್ಲಿಸುತ್ತೇನೆ. ಎಲ್ಲರೂ ಹೂಂ ಅಂದೆವು. ನಾನೂ ಅಂದೆ.

ಕಾರು ಹೋಗಿ ನಿಂತಿತು, ಮೊದಲು ತುಂಡಾಗಿ ಬರುತ್ತಿದ್ದ ಮಾತು ಈಗ ಹತ್ತತ್ತು ಸೆಕೆಂಡು ಪೂರ್ತಿ ಮಾಯವಾಗತೊಡಗಿತು.

ಯಾಕೆ ಅಂತ ಆ ಹೊತ್ತಿಗೆ ಗೊತ್ತಾಗಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದಾಗ ಗೊತ್ತಾಯಿತು. ಉದಾಹರಣೆಗೆ ಹೀಗೆ ನೋಡಿ. ಗುಡ್ಡದಿಂದ ಹೊಳೆಗೆ ನೇರ ಕೊಂಡಿಯಲ್ಲಿ, ಟ್ರಾಫಿಕ್ ಜೋರಾದಾಗ, ನೂರರಲ್ಲಿ ಎಪ್ಪತ್ತು ಹಲೋ ದಾಟುತ್ತಿದೆ ಅಂದುಕೊಳ್ಳಿ. 0.7 ಗುಣಿಸು 0.7, ಅಂದರೆ 0.49. ಇಟಿಎಕ್ಸ್ 2.04. ಕಾರಿನ ಮೂಲಕ ಹೋದರೆ ಎರಡು ಕೊಂಡಿ, ಪ್ರತಿಯೊಂದರಲ್ಲಿ ತೊಂಬತ್ತೆಂಟು ದಾಟಿದರೆ ತಲಾ 1.04, ಕೂಡಿಸಿದರೆ 2.08. 2.04 ಮತ್ತು 2.08. ತಕ್ಕಡಿ ಹೆಚ್ಚುಕಮ್ಮಿ ಸಮ. ಒಂದು ಹಲೋ ಆಚೀಚೆ ಆದರೆ ಸಾಕು, ದಾರಿ ಬದಲು. ಫೋನ್ ಕರೆ ಕಾರಿನ ದಾರಿಗೆ ಹೋಗುತ್ತದೆ, ಅಲ್ಲಿ ಗದ್ದಲ ಜಾಸ್ತಿಯಾಗಿ ಹಲೋ ಕಳೆದುಹೋಗುತ್ತದೆ, ಮತ್ತೆ ನೇರ ದಾರಿಗೆ ಬರುತ್ತದೆ, ಅಲ್ಲೂ ಅದೇ ಕಥೆ. ಇಟಿಎಕ್ಸ್ ಅಳೆಯುವುದು ದಾರಿಯನ್ನು. ಆದರೆ ಅಳೆಯುವ ಹೊತ್ತಿಗೆ ನಮ್ಮ ಟ್ರಾಫಿಕ್ಕೇ ಆ ದಾರಿಯನ್ನು ಕೆಡಿಸಿರುತ್ತದೆ.

ಇನ್ನೂ ದೊಡ್ಡ ತೊಂದರೆ ಚಾನೆಲ್‌ನದ್ದು. ಎಲ್ಲ ನೋಡ್‌ಗಳೂ ಒಂದೇ ಚಾನೆಲ್‌ನಲ್ಲಿದ್ದರೆ ಒಬ್ಬರು ಮಾತಾಡುವಾಗ ಕೇಳಿಸುವಷ್ಟು ದೂರದಲ್ಲಿರುವವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕು. ಹೊಳೆಯಿಂದ ಬಂದ ಚಿತ್ರವನ್ನು ಗುಡ್ಡ ಮೊದಲು ಕೇಳಬೇಕು, ಆಮೇಲೆ ಅದೇ ಚಾನೆಲ್‌ನಲ್ಲಿ ಮೈದಾನಕ್ಕೆ ಹೇಳಬೇಕು. ಒಂದೇ ಮಾತಿಗೆ ಎರಡು ಪಾಳಿ. ವೇಗ ಅಲ್ಲೇ ಅರ್ಧ. ಕಾರು ಸೇರಿದರೆ ಮೂರು ಪಾಳಿ, ಮೂರನೇ ಒಂದು ಭಾಗ. ನೋಡ್ ಸೇರಿಸಿದಷ್ಟೂ ಒಳ್ಳೆಯದು ಅನ್ನುವ ಮಾತು ಇಲ್ಲಿ ಉಲ್ಟಾ ಹೊಡೆಯುತ್ತದೆ.

ಅಷ್ಟೇ ಅಲ್ಲ. ಮನೆಯ ಮುಂಬಾಗಿಲಲ್ಲಿ ಒಬ್ಬ, ಹಿತ್ತಲಲ್ಲಿ ಒಬ್ಬ, ನಡುಮನೆಯಲ್ಲಿ ಅಜ್ಜಿ. ಮುಂದಿನವನಿಗೆ ಹಿಂದಿನವನು ಕೇಳಿಸುವುದಿಲ್ಲ. ಇಬ್ಬರೂ ಮನೆ ನಿಶ್ಶಬ್ದ ಇದೆ ಅಂದುಕೊಂಡು ಒಟ್ಟಿಗೇ ಅಜ್ಜಿಗೆ ಕೂಗುತ್ತಾರೆ. ಅಜ್ಜಿಗೆ ಎರಡೂ ಅರ್ಥವಾಗುವುದಿಲ್ಲ, ಇಬ್ಬರಿಗೂ ಬೈಯುತ್ತಾಳೆ. ನಮ್ಮ ಗುಡ್ಡ ಆ ಅಜ್ಜಿ. ಮೈದಾನಕ್ಕೂ ಹೊಳೆಗೂ ಪರಸ್ಪರ ಕೇಳಿಸದೇ ಇರುವುದರಿಂದ ಇಬ್ಬರ ಪ್ಯಾಕೆಟ್ಟೂ ಗುಡ್ಡದ ಮೇಲೆ ಬಂದು ಡಿಕ್ಕಿ ಹೊಡೆಯುತ್ತಿದ್ದವು. ಈ ತೊಂದರೆಗೆ ಮರೆಯ ನೋಡ್ ಅಂತ ಹೆಸರು, ರೇಡಿಯೊ ನೆಟ್‌ವರ್ಕ್ ಮಾಡಿದವರಿಗೆಲ್ಲ ಗೊತ್ತು. ನಮಗೂ ಗೊತ್ತಿತ್ತು, ಪರೀಕ್ಷೆಗೆ ಓದಿದ್ದೆವು. ಬಿಸಿಲಲ್ಲಿ ನಿಂತಾಗ ನೆನಪಾಗಲಿಲ್ಲ, ಅಷ್ಟೇ.

ಸುಮಾರು ಒಂಬತ್ತೂವರೆಗೆ ಕ್ಲಬ್ಬಿನ ಒಬ್ಬ ಹಿರಿಯರು ಬಂದರು. ಪರದೆಯನ್ನೇ ನೋಡುತ್ತಿದ್ದ ನನಗೆ, "ಆ ಪುಟ ಮುಚ್ಚು. ಒಂದೊಂದೇ ಕೊಂಡಿ ತೆಗೆದುಕೊಂಡು ನಿಜವಾದ ಡೇಟಾ ಕಳಿಸಿ ನೋಡು" ಅಂದರು. ಐಪರ್ಫ್ ಅಂತ ಒಂದು ಸಣ್ಣ ಪ್ರೋಗ್ರಾಮ್ ಇದೆ, ಎರಡು ನೋಡ್ ನಡುವೆ ಡೇಟಾ ಸುರಿದು ಎಷ್ಟು ದಾಟಿತು ಅಂತ ಹೇಳುತ್ತದೆ. ಕಾರಿನ ನೋಡ್ ಆಫ್ ಮಾಡಿ, ಕ್ಯಾಮೆರಾ ಆಫ್ ಮಾಡಿ ಅಳೆದೆವು. ಮೈದಾನದಿಂದ ಗುಡ್ಡಕ್ಕೆ ಆರಾಮಾಗಿ ಹರಿಯಿತು. ಗುಡ್ಡದಿಂದ ಹೊಳೆಗೆ? ಸೆಕೆಂಡಿಗೆ ಒಂದು ಮೆಗಾಬಿಟ್ ದಾಟಲೂ ಒದ್ದಾಟ. ನಮ್ಮ ಕ್ಯಾಮೆರಾ ಕೇಳುತ್ತಿದ್ದದ್ದು ಎರಡು.

ಹಾಗಾದರೆ ಆ ಪುಟ ಸುಳ್ಳು ಹೇಳಿತಾ? ಇಲ್ಲ. ಹಲೋ ಪ್ಯಾಕೆಟ್ ತುಂಬಾ ಚಿಕ್ಕದು. ಮೇಲಾಗಿ ಅದು ಎಲ್ಲರಿಗೂ ಒಟ್ಟಿಗೆ ಕೂಗುವ ಪ್ಯಾಕೆಟ್, ಅಂಥವನ್ನು ವೈಫೈ ತನ್ನ ಅತಿ ನಿಧಾನ ವೇಗದಲ್ಲಿ ಕಳಿಸುತ್ತದೆ. ನಿಧಾನ ವೇಗಕ್ಕೆ ಸಿಗ್ನಲ್ ಬಡವಾಗಿದ್ದರೂ ನಡೆಯುತ್ತದೆ. ವಿಡಿಯೊ ಪ್ಯಾಕೆಟ್ ದೊಡ್ಡದು, ವೇಗವಾಗಿ ಹೋಗಬೇಕು, ಅದಕ್ಕೆ ಸಿಗ್ನಲ್ ಗಟ್ಟಿಯಾಗಿ ಬೇಕು. ಗುಂಡಿ ಬಿದ್ದ ರಸ್ತೆಯಲ್ಲಿ ಸೈಕಲ್ ಹೋದ ಮಾತ್ರಕ್ಕೆ ಲೋಡು ಲಾರಿಯೂ ಹೋಗುತ್ತದೆ ಅಂತ ಹೇಳಲಾಗುತ್ತದೆಯೇ? ಪುಟ ಹೇಳಿದ್ದು ಸೈಕಲ್ ಹೋಗುತ್ತದೆ ಅಂತ. ನಾವು ಲಾರಿ ಕಳಿಸಿದೆವು.

ಆದರೂ ಒಂದು ಪ್ರಶ್ನೆ ಉಳಿಯಿತು. ಫೆಬ್ರವರಿಯಲ್ಲಿ ಇದೇ ಮೂರು ಜಾಗದಲ್ಲಿ ಪರೀಕ್ಷೆ ಮಾಡಿದ್ದೆವು. ಆಗ ಗುಡ್ಡದಿಂದ ಹೊಳೆಗೆ ಸಿಗ್ನಲ್ ಚೆನ್ನಾಗಿತ್ತು, ಬರೆದಿಟ್ಟಿದ್ದೆ. ಈಗ ಯಾಕೆ ಬಡವಾಯಿತು? ಹೊಳೆ ತಾಣದಲ್ಲಿದ್ದ ಅದೇ ಹಾಸನದ ಗೆಳೆಯ ರೇಡಿಯೊದಲ್ಲಿ, ಮಾಮೂಲಿ ಕೈ ಸೆಟ್ಟಿನಲ್ಲೇ, ಕನ್ನಡದಲ್ಲಿ ಹೇಳಿದ: "ಲೋ, ಇಲ್ಲಿ ಮರ ಎಲ್ಲ ಚಿಗುರಿದೆ ಕಣೋ."

ಅದೇ. ಹೊಳೆ ದಂಡೆಯಲ್ಲಿ ಪೆಕಾನ್ ಮರಗಳು. ಫೆಬ್ರವರಿಯಲ್ಲಿ ಒಂದೂ ಎಲೆ ಇರುವುದಿಲ್ಲ, ಬರೀ ಕಡ್ಡಿ. ಏಪ್ರಿಲ್ ಹೊತ್ತಿಗೆ ಹಸಿರು. ಹಸಿ ಎಲೆ ಅಂದರೆ ನೀರು, 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ಚೆನ್ನಾಗಿ ಹೀರುತ್ತದೆ. ಅವನಿಗೆ ಅಲ್ಲಿಂದ ಗುಡ್ಡದ ತುದಿ ಮರಗಳ ನೆತ್ತಿಯ ಮೇಲೆ ಕಾಣುತ್ತಿತ್ತು. ಕಣ್ಣಿಗೆ ಕಂಡರೆ ಸಾಕು ಅಂತ ನಾವು ಅಂದುಕೊಂಡಿದ್ದೆವು. ಸಾಲದು. ರೇಡಿಯೊ ಅಲೆ ದಾರದ ಹಾಗೆ ಹೋಗುವುದಿಲ್ಲ, ಸೌತೆಕಾಯಿ ಆಕಾರದ ಜಾಗ ತೆಗೆದುಕೊಳ್ಳುತ್ತದೆ, ತುದಿಗಳಲ್ಲಿ ಸಣ್ಣ, ನಡುವೆ ದಪ್ಪ. ಅದಕ್ಕೆ ಫ್ರೆನೆಲ್ ವಲಯ ಅಂತಾರೆ. 8 ಕಿಲೋಮೀಟರ್ ಕೊಂಡಿಗೆ 2.4 ಗಿಗಾಹರ್ಟ್ಸ್‌ನಲ್ಲಿ ನಟ್ಟನಡುವೆ ಅದರ ತ್ರಿಜ್ಯ ಹತ್ತಿರ ಹತ್ತಿರ 16 ಮೀಟರ್. ಮರಗಳಿದ್ದದ್ದು ಹೊಳೆಯ ಆಂಟೆನಾದಿಂದ 200 ಮೀಟರ್ ದೂರದಲ್ಲಿ, ಅಲ್ಲೂ ತ್ರಿಜ್ಯ 5 ಮೀಟರ್ ಇರುತ್ತದೆ. ಅದರಲ್ಲಿ ಕನಿಷ್ಠ ಅರವತ್ತು ಭಾಗ, ಅಂದರೆ 3 ಮೀಟರ್, ಖಾಲಿ ಇರಬೇಕು ಅನ್ನುವುದು ರೂಢಿಯ ಲೆಕ್ಕ. ನಮ್ಮ ದೃಷ್ಟಿರೇಖೆ ಎಲೆಗಳಿಗೆ ಸವರಿಕೊಂಡು ಹೋಗುತ್ತಿತ್ತು. ಜೊತೆಗೆ ಫೆಬ್ರವರಿಯಲ್ಲಿ ನಾವು ಕ್ಯಾಮೆರಾ ತಂದೇ ಇರಲಿಲ್ಲ. ಚಾಟ್ ಮಾಡಿದೆವು, ಉತ್ತರ ಬರುತ್ತದಾ ಅಂತ ಪಿಂಗ್ ಹೊಡೆದೆವು, ಭೇಷ್ ಅಂತ ಮನೆಗೆ ಹೋದೆವು.

ಆ ದಿನ ಮಾಡಿದ್ದು ಇಷ್ಟು. ಕಾರನ್ನು ವಾಪಸ್ ಕರೆಸಿದೆವು. ಹೊಳೆಯ ಕಂಬವನ್ನು ರಸ್ತೆಯ ಆಚೆಗೆ, ಮರಗಳ ನಡುವೆ ಸಂದು ಇರುವ ಕಡೆಗೆ ಹೊತ್ತು ಹಾಕಿದೆವು. ವಿಡಿಯೊ ಬಿಟ್ಟು ಹತ್ತು ಸೆಕೆಂಡಿಗೊಂದು ಫೋಟೊ ಸಾಕು ಅಂತ ಮಾಡಿಕೊಂಡೆವು. ನಿಜ ಹೇಳಬೇಕೆಂದರೆ ಸೈಕಲ್ ಎಷ್ಟು ಬಂದವು ಅಂತ ನೋಡಲು ವಿಡಿಯೊ ಯಾಕೆ ಬೇಕಿತ್ತೋ ಗೊತ್ತಿಲ್ಲ, ತೋರಿಸಿಕೊಳ್ಳುವ ಚಪಲ. ಫೋನ್ ಕರೆಗೆ ಸೆಕೆಂಡಿಗೆ ನೂರು ಕಿಲೋಬಿಟ್ ಸುತ್ತಮುತ್ತ ಸಾಕು, ಅದು ಸಲೀಸಾಗಿ ನಡೆಯಿತು.

ಒಂದು ವಿಷಯದಲ್ಲಿ ಮಾತ್ರ ಮೊದಲೇ ಸರಿಯಾಗಿ ಯೋಚಿಸಿದ್ದೆವು, ಅದನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಹ್ಯಾಮ್ ನಿಯಮದಲ್ಲಿ ಅರ್ಥ ಮರೆಮಾಚುವಂತೆ ಸಂದೇಶ ಕಳಿಸುವ ಹಾಗಿಲ್ಲ. ಅಂದರೆ ಮೆಶ್ ಕೊಂಡಿಯ ಮೇಲೆ ಮನೆ ವೈಫೈ ಥರ ಗೂಢಲಿಪಿಯ ಬೀಗ ಹಾಕುವಂತಿಲ್ಲ. ವ್ಯಾಪಾರದ ಮಾತೂ ಆಗಬಾರದು. ಹಾಗಾಗಿ ಸವಾರರ ಹೆಸರು, ಆರೋಗ್ಯದ ವಿವರ ಯಾವುದನ್ನೂ ಕಳಿಸಲಿಲ್ಲ, ಎದೆಗೆ ಕಟ್ಟಿದ ನಂಬರ್ ಮಾತ್ರ. ಯಾರಿಗಾದರೂ ಏಟಾದರೆ "ನಂಬರ್ ಇಷ್ಟು, ಗಾಡಿ ಬೇಕು" ಅಷ್ಟೇ. ಇದನ್ನು ಕೆಲವರು ಹ್ಯಾಮ್ ಮೆಶ್‌ನ ಕೊರತೆ ಅಂತಾರೆ. ನನಗೆ ಹಾಗನ್ನಿಸುವುದಿಲ್ಲ. ಯಾರಿಗೂ ಸಿಗದ ತರಂಗ ಸಿಕ್ಕಿದೆ, ಅದಕ್ಕೆ ಕೊಡುವ ಬೆಲೆ ಇದು.

ಯಾರಿಗೂ ಸಿಗದ ತರಂಗ ಅಂದೆನಲ್ಲ, ಮುಂದಿನ ವರ್ಷ ನಾವು ಹಿಡಿದದ್ದು ಅದನ್ನೇ. ವೈಫೈ ಒಂದನೇ ಚಾನೆಲ್ಲಿನ ನಡು 2412 ಮೆಗಾಹರ್ಟ್ಸ್, ಒಂದೊಂದು ಚಾನೆಲ್ಲಿಗೆ 5 ಮೆಗಾಹರ್ಟ್ಸ್ ಅಂತರ. ಹಾಗೇ ಕೆಳಗೆ ಇಳಿದರೆ ಸೊನ್ನೆ, ಮೈನಸ್ ಒಂದು, ಮೈನಸ್ ಎರಡು. ಮೈನಸ್ ಎರಡು ಅಂದರೆ 2397. ಅಲ್ಲಿನ ಹ್ಯಾಮ್ ಬ್ಯಾಂಡ್ 2390ರಿಂದ ಶುರು, ಆದ್ದರಿಂದ ಇದು ಹ್ಯಾಮ್‌ಗಳಿಗೆ ಸಿಗುತ್ತದೆ, ಊರಿನವರ ವೈಫೈಗೆ ಇಲ್ಲ. ಫೋನಿನಲ್ಲಿ ಹುಡುಕಿದರೆ ಕಾಣುವುದೂ ಇಲ್ಲ. ಆದರೆ 20 ಮೆಗಾಹರ್ಟ್ಸ್ ಅಗಲ ಬಳಸಿದರೆ ಕೆಳ ಅಂಚು 2387ಕ್ಕೆ ಹೋಗಿ ಬ್ಯಾಂಡಿನ ಹೊರಗೆ ಕಾಲಿಡುತ್ತದೆ. ಅದಕ್ಕೇ 10 ಮೆಗಾಹರ್ಟ್ಸ್ ಇಟ್ಟೆವು. ಅಗಲ ಅರ್ಧ ಆದರೆ ವೇಗವೂ ಅರ್ಧ, ಆದರೆ ಗದ್ದಲವೂ ಅರ್ಧ, ದೂರದ ಕೊಂಡಿಗೆ ಅದು ಲಾಭವೇ.

ನಮ್ಮ ಊರಿನಲ್ಲಿ ಇದೇ ಮಾಡಬಹುದಾ ಅಂತ ಕೇಳುವವರಿಗೆ: ಭಾರತದಲ್ಲಿ 2005ರಿಂದ 2400ರಿಂದ 2483.5 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಬಳಸಬಹುದು, ಆಂಟೆನಾ ಬಲವೂ ಸೇರಿ ಹೊರಬೀಳುವ ಶಕ್ತಿ 4 ವ್ಯಾಟ್ ದಾಟಬಾರದು. ಅದರೊಳಗೆ ಮೆಶ್ ಕಟ್ಟಲು ಹ್ಯಾಮ್ ಆಗಬೇಕಿಲ್ಲ, ಗೂಢಲಿಪಿಯನ್ನೂ ಬಳಸಬಹುದು. ಮೈನಸ್ ಎರಡರ ಆಟ ಮಾತ್ರ ಈ ವ್ಯಾಪ್ತಿಯ ಹೊರಗೆ ಬೀಳುತ್ತದೆ, ಅಮೆರಿಕದ ಫರ್ಮ್‌ವೇರ್ ತಂದು ಸುಮ್ನೆ ಆನ್ ಮಾಡಬೇಡಿ.

ಇನ್ನೊಂದು ಬದಲಾವಣೆ ಗುಡ್ಡದ ಮೇಲೆ. ಒಂದು ರೇಡಿಯೊ ಇದ್ದ ಕಡೆ ಎರಡು ಇಟ್ಟೆವು. ಮೈದಾನದ ಕಡೆಗೆ 5.8 ಗಿಗಾಹರ್ಟ್ಸ್, ಹೊಳೆ ಕಡೆಗೆ 2397 ಮೆಗಾಹರ್ಟ್ಸ್. ಎರಡನ್ನೂ ಎತರ್ನೆಟ್ ತಂತಿಯಲ್ಲಿ ಜೋಡಿಸಿದೆವು. ಎಆರ್‌ಇಡಿಎನ್ ಆಗ ಇಂಥ ತಂತಿ ಕೊಂಡಿಗೆ ಬರೀ 0.1 ಇಟಿಎಕ್ಸ್ ಕೊಡುತ್ತಿತ್ತು, ಹೆಚ್ಚುಕಮ್ಮಿ ಪುಕ್ಕಟೆ. ಈಗ ಗುಡ್ಡ ಒಂದು ಕಿವಿಯಲ್ಲಿ ಕೇಳುತ್ತಾ ಇನ್ನೊಂದು ಬಾಯಲ್ಲಿ ಹೇಳಬಹುದು, ಪಾಳಿ ಕಾಯಬೇಕಿಲ್ಲ. ಮೈದಾನ ಮತ್ತು ಹೊಳೆ ಬೇರೆ ಬೇರೆ ತರಂಗದಲ್ಲಿರುವುದರಿಂದ ಡಿಕ್ಕಿಯೂ ಇಲ್ಲ. ಇಷ್ಟಾದ ಮೇಲೆ ಇದನ್ನು ಮೆಶ್ ಅನ್ನಬೇಕೋ ಎರಡು ಕೊಂಡಿಯ ಸರಪಳಿ ಅನ್ನಬೇಕೋ ಅಂತ ಕ್ಲಬ್ಬಿನಲ್ಲಿ ಇವತ್ತಿಗೂ ಜಗಳ ಇದೆ. ನನ್ನ ಮಟ್ಟಿಗೆ ಗುಡ್ಡದ ತುದಿಗೆ ಮೆಶ್ ಬೇಡ, ಬಿಗಿಯಾದ ಕೊಂಡಿ ಬೇಕು. ಕೆಳಗೆ ಮೈದಾನದಲ್ಲಿ, ಡೇರೆಗಳ ನಡುವೆ, ನೋಡ್‌ಗಳು ಬಂದು ಹೋಗುವ ಕಡೆ ಮೆಶ್ ಇರಲಿ.

ಪರೀಕ್ಷೆಯನ್ನೂ ಈ ಸಲ ಏಪ್ರಿಲ್‌ನಲ್ಲೇ ಮಾಡಿದೆವು, ಎಲೆ ಬಂದ ಮೇಲೆ, ಕ್ಯಾಮೆರಾ ಫೋನು ಎಲ್ಲ ಒಟ್ಟಿಗೆ ಓಡಿಸಿ. ಸವಾರಿಯ ದಿನ ಬೆಳಿಗ್ಗೆ ಹೊಳೆಯಿಂದ ಮೊದಲ ಕರೆ ಬಂತು. ಗೆಳೆಯನ ದನಿ ಪಕ್ಕದಲ್ಲೇ ನಿಂತು ಮಾತಾಡಿದ ಹಾಗಿತ್ತು. "ಬಾಳೆಹಣ್ಣು ಒಂದೇ ಪೆಟ್ಟಿಗೆ ಬಂದಿದೆ ಕಣೋ, ಇನ್ನೆರಡು ಕಳಿಸೋಕೆ ಹೇಳು."